ಬಾಂದುಕಲ್ಲಿನ ಬುಡ

ನಾನು ನಿಂತಿದ್ದುದು ಮೊರಬ ಊರಿನ ಉತ್ತರಕ್ಕೆ, ಎರಡು ಹೊಲಗಳ ನಡುವಿನ ಬದುವಿನ ಪೂರ್ವ ತುದಿಯಲ್ಲಿ, ಗಡಿಯ ಬಾಂದುಕಲ್ಲಿನಿಂದ ಮೂರು ಹೆಜ್ಜೆ ಹಿಂದೆ. ಎಂಬತ್ತರ ದಶಕದ ನಡುಭಾಗ. ಶಿವರಾತ್ರಿ ಕಳೆದ ನಾಲ್ಕನೆಯ ದಿನ, ಬೆಳಿಗ್ಗೆ ಹನ್ನೊಂದರ ಸುಮಾರು. ಜೋಳದ ಕಟಾವು ಮುಗಿದು ಕಪ್ಪು ಎರಿ ನೆಲ ಕೈ ತೂರುವಷ್ಟು ಬಿರಿದಿತ್ತು. ನನ್ನ ಎಡಗೈಯಲ್ಲಿ ನಕಾಶೆ ಇತ್ತು. ಬಲಗೈ ಖಾಲಿ ಇತ್ತು. ಅದನ್ನು ಬರೆಯಲೇಬೇಕು, ಯಾಕೆಂದರೆ ಆ ಕೈಯಿಂದ ನಾನು ಯಾರನ್ನೂ ತಡೆಯಲಿಲ್ಲ.

ಆಗ ನಾನು ಸರಕಾರಿ ಮೋಜಣಿದಾರ. ಸರಪಳಿ ಎಳೆದು ಹೊಲಗಳ ಗಡಿ ಅಳೆದುಕೊಡುವುದು ಕೆಲಸ. ತಿಂಗಳ ಸಭೆಯಲ್ಲಿ ನಮ್ಮ ಸುಪರ್ವೈಜರ್ ಯಾರು ಎಷ್ಟು ಮೋಜಣಿ ಮುಗಿಸಿದರೆಂದು ಓದುತ್ತಿದ್ದ. ಕಡಿಮೆ ಇದ್ದವನನ್ನು ಎದ್ದು ನಿಲ್ಲಿಸಿ ಉಳಿದವರನ್ನು ನಗಿಸುತ್ತಿದ್ದ. ನಾನೂ ನಗುತ್ತಿದ್ದೆ. ವರ್ಷದಿಂದ ನಾನೇ ಮೊದಲಿಗ. ದಿನಕ್ಕೆ ಮೂರು, ಕೆಲವು ದಿನ ನಾಲ್ಕು. ಬಡ್ತಿಗೆ ನನ್ನ ಹೆಸರೇ ಹೋಗುವುದೆಂದು ಅವನು ಎಲ್ಲರೆದುರು ಹೇಳಿದ್ದ.

ಆ ಹೊತ್ತಿಗೆ ಸರಪಳಿಯಲ್ಲಿ ಅಳತೆಯ ಗುರುತಿಗೆ ತೂಗುವ ಬಿಲ್ಲೆಗಳು ಕಣ್ಣಿಗೆ ಎರಡೆರಡಾಗಿ ಕಾಣತೊಡಗಿದ್ದವು. ಬಸ್ಸಿನಲ್ಲಿ ನಿಂತೇ ತೂಕಡಿಸುತ್ತಿದ್ದೆ, ಹಾಸಿಗೆಯಲ್ಲಿ ನಿದ್ದೆ ಬರುತ್ತಿರಲಿಲ್ಲ. ಯಾರಾದರೂ "ನೀರ ಕುಡೀರಿ ಸಾಹೇಬ್ರ" ಎಂದರೆ ಸಿಟ್ಟು ಬರುತ್ತಿತ್ತು; ಕುಡಿಯಲು ಹೊತ್ತು ಹೋಗುತ್ತದಲ್ಲ. ಅರ್ಜಿದಾರರ ಮುಖ ಕಂಡರೇ ಆಗುತ್ತಿರಲಿಲ್ಲ. ಇದನ್ನು ನಾನು ದಣಿವು ಎಂದು ಕರೆಯಲಿಲ್ಲ. ದುಡಿಮೆ ಎಂದು ಕರೆದೆ.

ಇದೇ ಬದುವನ್ನು ಹಿಂದಿನ ವರ್ಷ ನಾನೇ ಅಳೆದಿದ್ದೆ. ಅದು ಆ ದಿನದ ಮೂರನೆಯದು. ಬಾಂದುಕಲ್ಲು ದಕ್ಷಿಣಕ್ಕೆ ವಾಲಿತ್ತು. ವಾಲಿದ ಕಲ್ಲಿದ್ದರೆ ಅಗೆದು ಬುಡ ಕಂಡುಹಿಡಿದು ಅಲ್ಲಿಂದ ಅಳೆಯಬೇಕು. ಹಿಂದಿನವರು ಕಲ್ಲಿನ ಅಡಿಗೆ ಗುರುತಿಗೆಂದು ಇದ್ದಿಲು ಹಾಕಿರುತ್ತಾರೆ. ಒಣಗಿದ ಎರಿ ಮಣ್ಣಿನಲ್ಲಿ ಅದು ಅರ್ಧ ದಿನದ ಕೆಲಸ. ದಕ್ಷಿಣದ ಹೊಲ ಒಬ್ಬ ಮುದುಕಿಯದು, ಒಂಟಿಯಾಗಿ ಸಾಗುವಳಿ ಮಾಡುವಾಕೆ.

"ಸಾಹೇಬ್ರ, ಕಲ್ಲ ವಾಲೇತ್ರಿ. ಬುಡಾ ನೋಡ್ರಿ" ಎಂದಳು.

"ವ್ಯಾಳ್ಯಾ ಇಲ್ಲಬೇ. ಹೆಬ್ಬಟ್ಟ ಒತ್ತು" ಎಂದೆ.

ಒತ್ತಿದಳು. ನಾನು ಕಲ್ಲಿನ ತಲೆಯಿಂದ ಗೆರೆ ಎಳೆದೆ. ಪೂರ್ವ ತುದಿಯಲ್ಲಿ ಒಂದೂವರೆ ಮೊಳ, ಪಶ್ಚಿಮಕ್ಕೆ ಹೋದಂತೆ ಸಣ್ಣದಾಗುತ್ತ, ಅವಳ ನೆಲ ಉತ್ತರದ ಹೊಲದವನ ಪಾಲಾಯಿತು. ಅವನು ಅಲ್ಲಿ ಉತ್ತು ಒಂದು ಬೆಳೆಯನ್ನೂ ತೆಗೆದುಕೊಂಡ.

ಅವಳು ಮರುಮೋಜಣಿಗೆ ಅರ್ಜಿ ಹಾಕಿದ್ದಳು. ಸುಪರ್ವೈಜರ್ ನನ್ನನ್ನೇ ಕರೆದುಕೊಂಡು ಬಂದ. "ಹಳೇ ಅಳತಿನ ಬರೀರಿ, ಹೋಗೂಣು. ತಪ್ಪಾತು ಅಂತ ಬರದ್ರ ನಿಮ್ಮ ಬಡ್ತಿ ಇದ ಹೊಲದಾಗ ಹುಗದಂಗ" ಎಂದು ದಾರಿಯಲ್ಲೇ ಹೇಳಿದ್ದ.

ಮುದುಕಿ ಗುದ್ದಲಿ, ಹಾರೆ ತಂದಿಟ್ಟಿದ್ದಳು. "ವರ್ಷಾತು, ನಾ ಮುಟ್ಟಿಲ್ಲ. ಮುಟ್ಟಿದ್ರ ನಾನ ಕಿತ್ತೇನಿ ಅಂತಿದ್ರಿ. ನೀವ ಅಗೀರಿ."

ಪಂಚರಾಗಿ, ಅಂದರೆ ಸಾಕ್ಷಿಗೆ, ಊರಿನ ಬಡಿಗ ಮತ್ತು ಹಿಟ್ಟಿನ ಗಿರಣಿಯವನು ಬಂದಿದ್ದರು; ಬಡಿಗ ಅಗೆದ. ಸುಪರ್ವೈಜರ್ ಗಡಿಯಾರ ನೋಡುತ್ತಿದ್ದ. ಮೊಣಕಾಲುದ್ದ ಅಗೆದಾಗ ಕಲ್ಲಿನ ಬುಡ ಕಾಣಿಸಿತು. ಅದರ ಕೆಳಗೆ ಇದ್ದಿಲು, ಎರಡು ಹಿಡಿಯಷ್ಟು. ನನ್ನ ಗೆರೆಗಿಂತ ಒಂದೂವರೆ ಮೊಳ ಉತ್ತರಕ್ಕೆ.

ಉತ್ತರದ ಹೊಲದವನು ಮುಂದೆ ಬಂದು ಕಾಲಿನಿಂದ ಮಣ್ಣನ್ನು ಗುಂಡಿಗೆ ನೂಕತೊಡಗಿದ. ಮುದುಕಿ ಬಗ್ಗಿ ಇದ್ದಿಲ ಮೇಲೆ ಅಂಗೈ ಇಟ್ಟಳು.

"ಕೈ ತಗೀ ಬೇ ಮುದುಕಿ."

"ತಗ್ಯಾಂಗಿಲ್ಲ. ತುಳೀತಿ ಏನ? ತುಳೀಲೇ. ನಿಮ್ಮವ್ವ ನೋಡ್ಲಿ."

ಅವನು ತುಳಿದ. ಚಪ್ಪಲಿ ಹಾಕಿದ್ದ ಬಲಗಾಲು. ಒಮ್ಮೆ, ಆಮೇಲೆ ಭಾರ ಬಿಟ್ಟು ಇನ್ನೊಮ್ಮೆ. ಅವಳು ಕೂಗಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ಬಡಿಗ ಹಾರೆ ಬಿಸಾಕಿ ಅವನನ್ನು ಎದೆಗೆ ಕೈಹಾಕಿ ಹಿಂದಕ್ಕೆ ದಬ್ಬಿದ. ಮೂರು ಹೆಜ್ಜೆ ದೂರ ಇದ್ದ ನಾನು ಅಲ್ಲೇ ಇದ್ದೆ.

"ಆತಲ್ಲ ತಮಾಷಿ? ಬರೀರಿ ಹಳೇದ" ಎಂದ ಸುಪರ್ವೈಜರ್.

ನಾನು ಬದುವಿನ ಮೇಲೆ ಕುಳಿತು ಪಂಚನಾಮೆ ಬರೆದೆ. ಹಿಂದಿನ ಮೋಜಣಿ ನನ್ನದು, ಬುಡ ನೋಡದೆ ಮಾಡಿದ್ದು, ತಪ್ಪು. ತುಳಿದದ್ದನ್ನೂ ಬರೆದೆ. ಇದನ್ನು ಧೈರ್ಯ ಎಂದರೆ ಸುಳ್ಳಾಗುತ್ತದೆ. ಇನ್ನೊಂದು ಸುಳ್ಳನ್ನು ಹೊರುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ, ಅಷ್ಟೇ. ಗಟ್ಟಿಯಾಗಿ ಓದಿದೆ. ಸುಪರ್ವೈಜರ್ ನನ್ನನ್ನು ಬಿಟ್ಟು ಜೀಪಿನಲ್ಲಿ ಹೋದ. ಮುದುಕಿ ಊದಿದ ಬಲಗೈಯನ್ನು ಎದೆಗೆ ಒತ್ತಿಕೊಂಡು ಎಡಗೈ ಹೆಬ್ಬೆಟ್ಟು ಒತ್ತಿದಳು. ನಾನು ಕ್ಷಮೆ ಕೇಳಿದೆ. "ನಿನ್ನ ಕ್ಷಮಾದಾಗ ಜ್ವಾಳಾ ಬೆಳೀತೈತೇನು?" ಎಂದು ಹೊರಟುಹೋದಳು.

ಮರುದಿನದಿಂದ ನಾನು ದಿನಕ್ಕೆ ಒಂದೇ ಮೋಜಣಿ ಮಾಡಿದೆ. ಕಲ್ಲು ವಾಲಿದ್ದರೆ ಅಗೆಸಿದೆ. ಎರಡೂ ಕಡೆಯವರು ನನ್ನ ಜೊತೆ ಗೆರೆಯ ಉದ್ದಕ್ಕೂ ನಡೆದಮೇಲೆಯೇ ಕಾಗದಕ್ಕೆ ಕೈ ಹಚ್ಚಿದೆ. ಮುಂದಿನ ಸಭೆಯಲ್ಲಿ ನನ್ನನ್ನು ಎದ್ದು ನಿಲ್ಲಿಸಿದರು. "ಏನ್ರಿ, ಕೋಳಿ ತತ್ತಿ ಇಟ್ಟಂಗ ದಿನಕ್ಕ ಒಂದ?" ಎಂದ ಸುಪರ್ವೈಜರ್. ಎಲ್ಲರೂ ನಕ್ಕರು. "ಇಟ್ಟ ತತ್ತಿ ಒಡೀಬಾರದಲ್ರಿ" ಎಂದೆ. ಅದಕ್ಕೊಂದು ಮೆಮೊ ಬಂತು. ಆಮೇಲೆ ಇನ್ನೂ ಬಂದವು. ಬಡ್ತಿ ನನಗಿಂತ ಕಿರಿಯನಿಗೆ ಹೋಯಿತು, ಅವನ ಕೈಕೆಳಗೆ ನಾನು ದುಡಿದೆ. ಅದು ನೋಯಲಿಲ್ಲ ಎಂದು ಹೇಳಲಾರೆ. ಆದರೆ ಕೆಲಸ ಆಯಿತೋ ಇಲ್ಲವೋ ಎಂದು ಸಭೆಯ ಪಟ್ಟಿಯನ್ನು ಕೇಳುವುದನ್ನು ಬಿಟ್ಟಿದ್ದೆ. ನಾನು ಎಳೆದ ಗೆರೆಯ ಮೇಲೆ ಇನ್ನೊಬ್ಬ ಬಂದು ಅಗೆಯುವ ಹಾಗೆ ಆಗಬಾರದು. ನನ್ನ ಲೆಕ್ಕದಲ್ಲಿ ಯಶಸ್ಸು ಅಷ್ಟೇ ಆಗಿತ್ತು. ಒಂದೆರಡು ತಿಂಗಳಲ್ಲಿ ಬಿಲ್ಲೆಗಳು ಒಂದೊಂದಾಗಿ ಕಾಣಿಸಿದವು. ಊಟ ಸೇರಿತು. ಹೊಲದವರು ಕೊಟ್ಟ ನೀರನ್ನು ಕುಳಿತು ಕುಡಿದೆ.

ಮುದುಕಿಗೆ ನೆಲ ಮರಳಿ ಸಿಕ್ಕಿತು. ಅವಳ ಎರಡು ಬೆರಳು ಕೊನೆಯವರೆಗೂ ಮಡಚಲಿಲ್ಲ. ಈಗ ಅವಳಿಲ್ಲ. ಸುಪರ್ವೈಜರ್ ಕೂಡ ಇಲ್ಲ. ಎರಡನೆಯ ಪಂಚ, ಹಿಟ್ಟಿನ ಗಿರಣಿಯವನು, ತೀರಿಕೊಂಡು ಬಹಳ ವರ್ಷವಾಯಿತು. ಬಡಿಗ ಇದ್ದಾನೆ, ಕಿವಿ ಮಂದವಾಗಿದೆ, ಕೇಳಿದರೆ ಎಲ್ಲವನ್ನೂ ಹೇಳುತ್ತಾನೆ, ನಾನು ಕದಲದೆ ನಿಂತಿದ್ದನ್ನೂ. ತುಳಿದವನೂ ಇದ್ದಾನೆ. ಎಲ್ಲರಿಗಿಂತ ಹತ್ತಿರದಿಂದ ನೋಡಿದವನು ಅವನೇ. ಮೊರಬದ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿರುತ್ತಾನೆ. ನನ್ನನ್ನು ಕಂಡರೆ ಉಗುಳಿ ಮುಖ ತಿರುಗಿಸುತ್ತಾನೆ.