ರೋಮನ್ ಕೋಟೆಯಲ್ಲಿ ಚಿತ್ರಾನ್ನ

ಜರ್ಮನಿಯವರು ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ನಾನು ಅಲ್ಲಿನ ಎಷ್‌ಬಾರ್ನ್‌ಗೆ ಬಂದ ಎರಡನೇ ಬೇಸಿಗೆಯಲ್ಲಿ ನಾವು ಕನ್ನಡದವರೆಲ್ಲ ಸೇರಿ ಹತ್ತಿರದ ಹಳೇ ರೋಮನ್ ಕೋಟೆಗೆ ಪಿಕ್ನಿಕ್ ಹೋಗಿದ್ದೆವು. ನನ್ನ ಜೊತೆಗಾರನೂ ಬಂದಿದ್ದ. ಅವನು ಜರ್ಮನಿಯವನು, ನಾವಿಬ್ಬರು ಗಂಡಸರು ಸಂಸಾರ ಮಾಡಿಕೊಂಡಿರುವುದನ್ನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ.

ಎಲ್ಲರೂ ನಮ್ಮ ಚಿತ್ರಾನ್ನ ಹಾಕಿಸಿಕೊಂಡು, ನಮ್ಮಿಂದ ಮಾರು ದೂರ ಕೂತರು. ಪಾಪ, ಒಬ್ಬ ಡಾಕ್ಟರಮ್ಮ ನನ್ನ ಪರ ವಹಿಸಿ, "ಇದೇನು ಹೊಸದಲ್ಲ, ಈ ಕೋಟೆ ಕಟ್ಟಿದ ರೋಮನ್ನರಲ್ಲೂ ಇತ್ತು" ಎಂದರು. ಹುಬ್ಬಳ್ಳಿ ಕಡೆಯ ಇಂಜಿನಿಯರ್ ಸಾಹೇಬರು ನಗುತ್ತಾ ಕೇಳಿಯೇ ಬಿಟ್ಟರು: "ಅದಿರ್ಲಿ, ನಿಮ್ಮಿಬ್ಬರೊಳಗ ಹೆಂಡ್ತಿ ಯಾರ್ರೀ?"

ನನಗೆ ಮೈಯೆಲ್ಲ ಉರಿಯಿತು.

"ಸರ್, ರೋಮನ್ನರೂ ಇದನ್ನೇ ಕೇಳ್ತಿದ್ರು. ಗಂಡಸು ಗಂಡಸಿನ ಜೊತೆ ಮಲಗಿದ್ರೆ ಅವರಿಗೆ ತಕರಾರಿರಲಿಲ್ಲ. ಮೇಲಿನವನು ಯಾರು, ಕೆಳಗಿನವನು ಯಾರು, ಅಷ್ಟೇ ಬೇಕಿತ್ತು. ಮೇಲಿದ್ದ ಯಜಮಾನನಿಗೆ ಮರ್ಯಾದೆ, ಕೆಳಗಾದವನಿಗೆ ಗೇಲಿ. ಗುಲಾಮನ ಇಷ್ಟವನ್ನಂತೂ ಯಾರೂ ಕೇಳ್ತಿರಲಿಲ್ಲ. ಡಾಕ್ಟ್ರೇ, ಆ ರೋಮನ್ನರ ಸರ್ಟಿಫಿಕೇಟ್ ನನಗೆ ಬೇಡ. ಅವರು ನಮ್ಮ ಕಡೆಯವರಲ್ಲ, ಈ ಸಾಹೇಬರ ಕಡೆಯವರು!"

ನಾನು ಪಾತ್ರೆ ಎತ್ತಿಕೊಂಡು ಹೋಗಿ ಸಾಹೇಬರ ಮುಂದೆಯೇ ಕೂತೆ.

"ಇನ್ನೊಂಚೂರು ಹಾಕಿಸ್ಕೊಳ್ಳಿ ಸರ್. ಒಗ್ಗರಣೆ ಹಾಕಿದ್ದು ನನ್ನ ಗಂಡ, ಅನ್ನ ಮಾಡಿದ್ದು ಅವನ ಗಂಡ."