ನೀಲಿ ದಾರದ ಮೂರು ಹೊಲಿಗೆ

ಗುಡ್ಡ ಹತ್ತುವುದೂ ಒಂದು ನೌಕರಿ ಎಂದರೆ ಎಪ್ಪತ್ತರ ದಶಕದ ಲಕ್ಷ್ಮೇಶ್ವರದಲ್ಲಿ ಯಾರು ನಂಬುತ್ತಿದ್ದರು? "ಗುಡ್ಡ ಏರಿದ್ರ ಪಗಾರ ಕೊಡತಾರಂದ್ರ ನಮ್ಮ ಆಡಿಗೂ ಒಂದು ಅರ್ಜಿ ಬರಿಯಪಾ" ಎಂದು ಅವ್ವ ನಗುತ್ತಿದ್ದಳು. ನಗದೆ ಕೇಳಿದವನು ನನ್ನ ಶಾಲೆಯ ಗೆಳೆಯನೊಬ್ಬನೇ. ಲಾರಿಗಳಿಗೆ ತಾಡಪತ್ರಿ ಹೊಲಿಯುವ ಸಾಬರ ಮನೆಯವನು.

ಗದಗಿನ ಕಾಲೇಜು ಹುಡುಗರನ್ನು ಕಪ್ಪತಗುಡ್ಡಕ್ಕೆ ಕರೆದೊಯ್ಯಲು ನನಗೊಂದು ಡೇರೆ ಬೇಕಿತ್ತು. ಅವನು ಬೆಟಗೇರಿಯಿಂದ ದಪ್ಪ ಬಟ್ಟೆ ತಂದ. ಅಂಚನ್ನು ಎರಡು ಸಲ ಮಡಚಿ ಹೊಲಿದು, ಮೇಲೆ ಜೇನುಮೇಣ ತಿಕ್ಕಿದ. ಮುಂಡರಗಿ ಕಡೆಯ ಇಳಿಜಾರಿನಲ್ಲಿ ಎರಡು ದಿನ ಮಳೆ ಹೊಡೆದರೂ ಒಳಗೆ ಒಂದು ಹನಿ ಬೀಳಲಿಲ್ಲ. ಡೇರೆಯ ಬಾಗಿಲ ಮೂಲೆಯಲ್ಲಿ ನೀಲಿ ದಾರದ ಮೂರು ಹೊಲಿಗೆ ಹಾಕಿದ್ದ. ಇದು ತಮ್ಮ ಮನೆಯ ಕೆಲಸ, ಹರಿದರೆ ತಾವೇ ಹೊಲಿದು ಕೊಡುತ್ತೇವೆ ಎಂಬುದಕ್ಕೆ ಅವನಜ್ಜನ ಕಾಲದಿಂದ ಬಂದ ಗುರುತು ಅದು.

ಎಂಬತ್ತರ ದಶಕದ ಮೊದಲಿಗೆ, ಚಾರಣ ಶಿಬಿರ ನಡೆಸುವ ಸಂಸ್ಥೆಯೊಂದು ಗದಗಿನಲ್ಲಿ ಸಂದರ್ಶನ ಕರೆಯಿತು. ಇದ್ದದ್ದು ಒಂದೇ ಹುದ್ದೆ. ಶಿಬಿರದ ಸಾಮಾನು ತಾನೇ ತಯಾರಿಸಬಲ್ಲವನು ಬೇಕೆಂದಿದ್ದರು. ಹಿಂದಿನ ದಿನ ಕೂತು ಬ್ಲೇಡಿನಿಂದ ಆ ಮೂರು ಹೊಲಿಗೆ ಬಿಚ್ಚಿದೆ.

"ಇದನ್ನ ಯಾರು ಹೊಲಿದದ್ದು?" ನಾನು ಒಯ್ದ ಡೇರೆ ಬಿಡಿಸಿ ನೋಡಿ ಸಂದರ್ಶನದವರು ಕೇಳಿದರು.

"ನಾನೇ ಸರ್."

ನಾಲಿಗೆ ತಡವರಿಸಲೂ ಇಲ್ಲ. ಅವನ ಹೆಸರು ಹೇಳಿದ್ದರೆ ಸಂಸ್ಥೆಯ ಡೇರೆಗಳನ್ನೆಲ್ಲ ಅವನೇ ಹೊಲಿಯುತ್ತಿದ್ದನೇನೋ. ನೌಕರಿ ಸಿಕ್ಕಿತೆಂದು ಅವ್ವ ಪೇಢೆ ಹಂಚಿದಳು. ಅವನೂ ತಿಂದ, ನನ್ನ ಬೆನ್ನು ತಟ್ಟಿದ. ಆಮೇಲೆ ನಾನು ಅವನ ಅಂಗಡಿಯ ದಾರಿ ಬಿಟ್ಟು ಸುತ್ತು ಹಾಕಿ ತಿರುಗತೊಡಗಿದೆ.

ಮಾಡಿದ್ದುಣ್ಣೋ ಮಹರಾಯ. ಕೆಲವು ವರ್ಷಗಳ ಮೇಲೆ, ಶಿರಹಟ್ಟಿ ಹತ್ತಿರದ ಶಿಬಿರದಲ್ಲಿ ಗಾಳಿಗೆ ಅದೇ ಡೇರೆಯ ಅಂಚು ಹರಿಯಿತು. "ನೀವ ಹೊಲದದ್ದಲ್ಲೇನ್ರಿ, ಜಲ್ದಿ ಹೊಲದ ಬಿಡ್ರಿ" ಎಂದರು ಜೊತೆಯವರು. ನನಗೆ ಸೂಜಿಗೆ ದಾರ ಪೋಣಿಸಲೂ ಸರಿಯಾಗಿ ಬರುತ್ತಿರಲಿಲ್ಲ. ಏನೋ ನೆಪ ಹೇಳಿ, ಡೇರೆ ಹೊತ್ತು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ.

ಗೆಳೆಯ ಅಂಗಡಿಯಲ್ಲಿ ಡೇರೆ ಬಿಡಿಸಿದ. ಮೂಲೆಯ ಸೂಜಿತೂತುಗಳ ಮೇಲೆ ಹೆಬ್ಬೆರಳು ಆಡಿಸಿದ. ಅದೇ ಎರಡು ಮಡಿಕೆ ಹಾಕಿ ಹೊಲಿದ, ಅದೇ ಮೇಣ ತಿಕ್ಕಿದ, ಮಡಚಿ ಕೊಟ್ಟ. ಮೂಲೆ ಮಾತ್ರ ಖಾಲಿಯಿತ್ತು.

"ನೀಲಿ ದಾರ ಹಾಕಲಿಲ್ಲಲೇ?" ಎಂದೆ.

"ನೀನ ಹೊಲದ ಡೇರಿ ಅಂತ ಗದಗದಾಗ ಹೇಳಿಯಂತ, ಖಬರ ಬಂದೈತಿ. ನಿನ್ನ ಕೆಲಸಕ್ಕ ನಮ್ಮ ಮನಿ ದಾರ ಯಾಕಲೇ? ಕುಂಡ್ರು, ಚಹಾ ಕುಡದ ಹೋಗು."