ದಿಂಬಿನ ಡಾಕ್ಟ್ರಮ್ಮ

ನಮ್ಮ ಕುಂಬಾರಕೊಪ್ಪಲಿನ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಶಿವಾನಿ, ಕೊರೋನಾ ಕಾಲದಲ್ಲಿ ಮೊಬೈಲಿನಲ್ಲೇ ಡಾಕ್ಟರಿಕೆ ಕಲಿತವಳು. ಮೇಲೆ ಇಸ್ತ್ರಿ ಮಾಡಿದ ಬಿಳಿ ಕೋಟು, ಕೆಳಗೆ ಹೂವಿನ ನೈಟಿ, ಕ್ಲಾಸಿಗೆ ಅವಳು ಕೂರುತ್ತಿದ್ದುದೇ ಹಾಗೆ. ಮೇಷ್ಟ್ರು ಹೇಳಿದರೆಂದು ಚಾಪೆಯ ಮೇಲೆ ರೋಗಿಯ ಬದಲು ಒಂದು ದಿಂಬು. ಕಣ್ಣು ಮೊಬೈಲಿನ ಮೇಲೆ, ಕೈ ದಿಂಬಿನ ಮೇಲೆ. "ಎಲ್ಲಿ ನೋವು, ಹೇಳಿ" ಎಂದು ದಿಂಬಿಗೂ ಬಹುವಚನ ಕೊಟ್ಟು ಕೇಳುವಳು. ದಿಂಬು ಒಂದು ದಿನವೂ ನರಳಲಿಲ್ಲ. ಎದುರುಮನೆಯ ದೇವೀರಮ್ಮ "ಡಾಕ್ಟ್ರಮ್ಮ, ನನ್ ಮಂಡಿ ಒಸಿ ನೋಡವ್ವ" ಎಂದರೆ "ಮಂಡಿ ಪಾಠ ನಮ್ಗಿನ್ನೂ ಬಂದಿಲ್ಲ ಆಂಟಿ" ಎನ್ನುವಳು. ವರ್ಷ ಕಳೆದರೂ ಅವಳಿಗೆ ಮಂಡಿ ಬರಲಿಲ್ಲ. ಕಾಲೇಜು ತೆರೆದು ಆಸ್ಪತ್ರೆಯ ವಾರ್ಡಿಗೆ ಹೋಗತೊಡಗಿದ ಮೇಲಂತೂ, ಯಾರಾದರೂ ಡಾಕ್ಟ್ರಮ್ಮ ಎಂದರೆ ತಲೆ ತಗ್ಗಿಸಿ ಹಿಂದಿನ ಗಲ್ಲಿ ಹಿಡಿಯುವಳು. ಒಂದು ಸಂಜೆ ಕೆಳಗಿಳಿದು ಬಂದು ಬಾಗಿಲು ಮುಚ್ಚಿ, "ಅಜ್ಜಿ, ನಿಮ್ ಹೊಟ್ಟೆ ಮುಟ್ಟಿ ನೋಡ್ಲಾ?" ಎಂದಳು. ಯಾಕವ್ವ ಎಂದೆ. "ವಾರ್ಡಲ್ಲಿ ಒಬ್ರ ಹೊಟ್ಟೆ ಒತ್ತುವಾಗ ಅವ್ರ ಮುಖಾನೇ ನೋಡ್ಲಿಲ್ಲ ಅಜ್ಜಿ. ನೋವಿಗೆ ಅವ್ರ ಕಣ್ಣಲ್ಲಿ ನೀರು ಬಂದಿತ್ತು. 'ಅದು ದಿಂಬಲ್ಲ ಕಣಮ್ಮ' ಅಂದ್ಬುಟ್ರು ಸರ್, ಎಲ್ರೆದುರಿಗೆ." ನಾನು ಚಾಪೆಯ ಮೇಲೆ ಮಲಗಿದೆ. ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಮೆಲ್ಲಗೆ ಒತ್ತಿದಳು. ಕೈಯೇನೋ ಹಗುರವಾಗಿತ್ತು, ಆದರೆ ನಾಚಿಕೆಗೆ ಅವಳ ತಲೆ ಮೇಲೇಳಲೇ ಇಲ್ಲ. ನನಗೆ ನೋವೇನೂ ಇರಲಿಲ್ಲ. ಆದರೂ "ಅಮ್ಮಾ" ಎಂದು ನರಳಿದೆ. ತಟ್ಟನೆ ಕೈ ತೆಗೆದು ನನ್ನ ಮುಖ ನೋಡಿದಳು.